ಗಿಳಿ ಕಂಪನಿಯ ಕ್ಯಾಮೆರಾ

ಹೊಸಪೇಟೆಯ ಫೋಟೋಗ್ರಾಫರ್ ಮುರುಗೇಶನಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಒಂದೇ. ಸಂಡೂರಿನಲ್ಲಿರುವ ಅವನ ಮಾವ ಮರುಳಸಿದ್ದಪ್ಪ ತನ್ನ ಬಾಯಾರೆ, ನಾಲ್ಕು ಜನರ ಎದುರಿಗೆ, "ನಮ್ಮ ಅಳಿಯ ಫೋಟೋ ಚಲೋ ತೆಗೀತಾನ" ಎನ್ನಬೇಕು. ಅಷ್ಟಕ್ಕೆ ಇಷ್ಟೊಂದು ಆಸೆಯೇ ಎಂದು ಯಾರಾದರೂ ಕೇಳಿದರೆ, ಅವರು ಮರುಳಸಿದ್ದಪ್ಪನನ್ನು ನೋಡಿಲ್ಲ ಎಂದೇ ಅರ್ಥ. ಆ ಮನುಷ್ಯನ ಬಾಯಿಂದ ಒಂದು ಒಳ್ಳೆಯ ಮಾತು ಹೊರಡಿಸುವುದಕ್ಕಿಂತ ಗುಡ್ಡ ಅಗೆದು ಅದಿರು ತೆಗೆಯುವುದು ಸುಲಭ. ಅದನ್ನಾದರೆ ಆ ವರ್ಷಗಳಲ್ಲಿ ಸಂಡೂರಿನಲ್ಲಿ ಕಂಡಕಂಡವರೆಲ್ಲ ಮಾಡುತ್ತಿದ್ದರು.

ಮುರುಗೇಶ ಮೂಲತಃ ಕಂಪ್ಲಿಯವನು. ಮನೆಯವರದು ಅಕ್ಕಿ ಗಿರಣಿ. ಮಗ ಗಿರಣಿ ನೋಡಿಕೊಳ್ಳಲಿ ಎಂದು ಅಪ್ಪ ಕೂರಿಸಿದರೆ, ತೌಡಿನ ಧೂಳಿಗೆ ಈ ಮಹಾರಾಯನಿಗೆ ಸೀನು. ಬೆಳಿಗ್ಗೆ ಶುರುವಾದರೆ ಸಂಜೆ ಗಿರಣಿ ನಿಲ್ಲಬೇಕು, ಆಗ ಇವನ ಸೀನೂ ನಿಲ್ಲಬೇಕು. ಹಾಗೆ ಸೀನುತ್ತಲೇ ಗಿರಣಿಯಿಂದ ಹೊರಬಿದ್ದವನು ಹಂಪಿ ಬಜಾರಿಗೆ ಬಂದು, ವಿರೂಪಾಕ್ಷನ ದರ್ಶನಕ್ಕೆ ಬರುವ ಸಂಸಾರಗಳಿಗೆ ಫೋಟೋ ತೆಗೆದುಕೊಡುವ ಕೆಲಸ ಹಿಡಿದ. ಗೋಪುರದ ಕಳಸವೂ ಬರಬೇಕು, ಅಜ್ಜಿಯ ಕಾಲುಂಗುರವೂ ಕಾಣಬೇಕು ಎನ್ನುವ ಗಿರಾಕಿಗಳು. ಮುರುಗೇಶ ಬಜಾರಿನ ನಡುವೆ ಅಂಗಾತ ಮಲಗಿ ತೆಗೆಯುತ್ತಿದ್ದ. ಒಮ್ಮೆ ಹಾಗೆ ಮಲಗಿದ್ದಾಗ ದಾರಿಹೋಕ ಹೆಂಗಸೊಬ್ಬಳು, ಪಾಪ ಯಾರಿಗೋ ತಲೆ ತಿರುಗಿದೆ ಎಂದು ಒಂದು ಚೆಂಬು ನೀರನ್ನು ಅವನ ಮುಖಕ್ಕೆ ಎರಚಿದಳು. ಎದುರಿಗಿದ್ದ ಸಂಸಾರ ಬಿದ್ದುಬಿದ್ದು ನಕ್ಕಿತು. ಮುರುಗೇಶ ಉಸಿರು ಸಿಗುವ ಮೊದಲು ಬಟನ್ ಒತ್ತಿದ. ಆ ಫೋಟೋ ನೋಡಿದವರೆಲ್ಲ ತಮಗೂ ಅಂಥದೇ ಬೇಕೆಂದು ಹುಡುಕಿಕೊಂಡು ಬಂದರು.

ಅವನ ಕೈಚಳಕವಿದ್ದದ್ದೇ ಅಲ್ಲಿ. ಹೊಸಪೇಟೆಯ ಬಜಾರಿನ ಒಂದು ಗಲ್ಲಿಯಲ್ಲಿ ಸ್ಟುಡಿಯೋ ತೆರೆದ ಮೇಲೂ ಅದೇ ಪುಟ್ಟ ಹಳೆಯ ರೀಲು ಕ್ಯಾಮೆರಾ, ಅವನ ಬೊಜ್ಜಿನ ಮೇಲೆ ಮರಿಯಂತೆ ಮಲಗಿರುತ್ತಿತ್ತು. ಗಿರಾಕಿ ಬಂದು ಕೂತರೆ ಇವನು ಊರ ಸುದ್ದಿ ತೆಗೆಯುವುದು. ಅವರ ಎಮ್ಮೆ, ಅವರ ಸೊಸೆ, ಅವರ ಮಂಡಿನೋವು ಎಲ್ಲವನ್ನೂ ವಿಚಾರಿಸುವುದು. ಮಾತಿನ ನಡುವೆ ಎಲ್ಲೋ ಟಿಕ್ ಎನ್ನುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಗಿರಾಕಿ ಶರ್ಟಿನ ಗುಂಡಿ ಹಾಕಿಕೊಂಡು, "ಹೂಂ, ಈಗ ತೆಗೀರಿ" ಎಂದರೆ, "ತೆಗದಾತ್ರೀ, ಎದ್ದೇಳ್ರಿ" ಎನ್ನುತ್ತಿದ್ದ. ಫೋಟೋ ನೋಡಿದರೆ ಜೀವಂತ ಮನುಷ್ಯ. ದೋಣಿಮಲೈ ಗಣಿಯ ಒಬ್ಬ ಸೂಪರ್‌ವೈಸರಿಗೆ ಪಾಸಿನ ಫೋಟೋ ತೆಗೆದುಕೊಟ್ಟಾಗ ಮಾತ್ರ ಸ್ವಲ್ಪ ಎಡವಟ್ಟಾಯಿತು. ಆ ಸಾಹೇಬರು ಕೆಲಸದಲ್ಲಿ ಎಂದೂ ನಕ್ಕವರಲ್ಲ. ಫೋಟೋದಲ್ಲಿ ಹಲ್ಲೆಲ್ಲ ಬಿಟ್ಟು ನಗುತ್ತಿದ್ದರು. ಗೇಟಿನ ವಾಚ್‌ಮನ್ "ಇದು ನೀವಲ್ರೀ" ಎಂದು ತಡೆದ. ಆಮೇಲೆ ಆ ಮನುಷ್ಯ ದಿನಾ ಬೆಳಿಗ್ಗೆ ಗೇಟಿನ ಮುಂದೆ ನಿಂತು ನಕ್ಕು ತೋರಿಸಿಯೇ ಒಳಗೆ ಹೋಗಬೇಕಾಯಿತು.

ಇಂಥ ಅಳಿಯನ ಬಗ್ಗೆ ಮಾವನ ಬಾಯಲ್ಲಿ ಒಂದು ಮಾತಿಲ್ಲ. ಮುರುಗೇಶ ಶೈಲಶ್ರೀಯನ್ನು ಮದುವೆಯಾದಾಗ ಮರುಳಸಿದ್ದಪ್ಪ ಚೋರನೂರಿನ ಕಡೆ ಶೇಂಗಾ ಬೆಳೆದುಕೊಂಡಿದ್ದ ಸಾದಾ ಮನುಷ್ಯ. ಆಮೇಲೆ ಅದಿರಿಗೆ ಬೆಲೆ ಬಂತು, ಮಾವ ಲಾರಿ ಹಾಕಿದ, ಒಂದು ಲಾರಿ ಮರಿ ಹಾಕುತ್ತಾ ಹಾಕುತ್ತಾ ಮನೆ ಮುಂದೆ ಲಾರಿಯ ಸಾಲೇ ಆಯಿತು. ಸಂಡೂರಿನಲ್ಲಿ ಮನೆ ಕಟ್ಟಿಸಿದ. ಅಂದಿನಿಂದ ಅವನಿಗೆ ದೊಡ್ಡದು ಎಂದರೆ ಒಳ್ಳೆಯದು, ಸಣ್ಣದು ಎಂದರೆ ದಂಡ. ಸೋಫಾ ತಂದ, ಬಾಗಿಲಲ್ಲಿ ಹಿಡಿಸಲಿಲ್ಲ, ಬಾಗಿಲು ಒಡೆಸಿದ. ಫ್ರಿಜ್ ತಂದ, ಅಡುಗೆಮನೆಯಲ್ಲಿ ಹಿಡಿಸಲಿಲ್ಲ, ನಡುಮನೆಯಲ್ಲೇ ನಿಲ್ಲಿಸಿ ಅದಕ್ಕೆ ಹೂವಿನ ಹಾರ ಹಾಕಿದ. ಒಲೆಯ ಮುಂದಿನಿಂದ ಒಂದು ಹಸಿಮೆಣಸಿನಕಾಯಿಗೆ ನಡುಮನೆ ತನಕ ನಡೆದು ನಡೆದು ಅತ್ತೆ ಕೊಟ್ರಮ್ಮ ಸೊರಗಿಯೇ ಹೋದಳು.

ಅಂಥಾ ಮನೆಯಲ್ಲಿ ಕಿರಿಮಗಳು ಶೈಲಜಾಳ ಮದುವೆ ಗೊತ್ತಾಯಿತು. ಮುರುಗೇಶ ಹೊಸ ರೀಲು ತಂದಿಟ್ಟುಕೊಂಡು, ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಲಾರಿಗಳ ಕೆಂಪು ಧೂಳು ಮೆತ್ತಿಕೊಂಡು ಸಂಡೂರಿಗೆ ಹೋದ. ಇಬ್ಬರೂ ಮುಖ ತೊಳೆದು ತಮ್ಮ ತಮ್ಮ ಬಣ್ಣಕ್ಕೆ ಮರಳಿ ಬಂದು ಕೂತರು. ಕೊಟ್ರಮ್ಮ ಮಂಡಾಳು ಒಗ್ಗರಣೆ ತಂದಿಟ್ಟಳು. ಮಾವ ಕೆಮ್ಮಿದ.

"ಅಳಿಯಾರ, ನೀವು ಮದುವೀಗೆ ಆರಾಮ ಊಟಕ್ಕ ಬರ್ರಿ. ಫೋಟೋಕ್ಕ ಬ್ಯಾರೆಯವರನ್ನ ಹೇಳೀವಿ."

ಮುರುಗೇಶನ ಬಾಯಲ್ಲಿದ್ದ ಮಂಡಾಳು ಅಲ್ಲೇ ನಿಂತಿತು.

"ಯಾಕ್ರೀ ಮಾವಾರ? ನಾನಿಲ್ಲೇನ್ರಿ?"

"ನೀವದೀರಿ. ಆದ್ರ ನಿಮ್ಮ ಕ್ಯಾಮೆರಾ ಭಾಳ ಸಣ್ಣದೈತಿ. ಬೀಗರು ಏನಂದಾರು? ಬಳ್ಳಾರಿಯವನ ಹತ್ರ ಇಷ್ಟುದ್ದ ಐತಿ." ಮಾವ ಕೈಯಲ್ಲಿ ತೋರಿಸಿದ ಅಳತೆಯಲ್ಲಿ ಒಂದು ಆಡಿನ ಮರಿ ಮಲಗಬಹುದಿತ್ತು.

"ಅಪ್ಪಾ, ಇವರು ತೆಗೆದ ಫೋಟೋ ನೀ ಎಂದರ ನೋಡೀಯೇನು?" ಎಂದಳು ಶೈಲಶ್ರೀ.

"ನೋಡೋದೇನೈತಿ? ಆ ಡಬ್ಬಿಯೊಳಗ ಎಷ್ಟು ಹಿಡಿಸೀತು?"

ಸ್ವಂತ ನಾದಿನಿಯ ಮದುವೆಯಲ್ಲಿ ಬೇರೆಯವನು ಫೋಟೋ ತೆಗೆಯುವುದು, ಇವನು ಎಲೆ ಮುಂದೆ ಕೂತು ಹೋಳಿಗೆ ತಿನ್ನುವುದು. ಹೊಸಪೇಟೆಗೆ ವಾಪಸಾಗುವವರೆಗೂ ಮುರುಗೇಶ ತುಟಿ ಬಿಚ್ಚಲಿಲ್ಲ. ದಾರಿಯಲ್ಲಿ ಧೂಳು ಬಾಯಿಗೆ ಬರದಿದ್ದದ್ದು ಅದೊಂದೇ ಸಲ.

ಮರುದಿನ ನೇರ ಹೋಗಿದ್ದು ಗೆಳೆಯ ಹುಸೇನಪ್ಪನ ಬಳಿಗೆ. ಹುಸೇನಪ್ಪ ಲಾರಿಗಳಿಗೆ ಬಣ್ಣ ಬಳಿಯುವವನು. ಆಗಿನ ಕಾಲಕ್ಕೆ ಅವನಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಮುರುಗೇಶನ ಗೋಳು ಕೇಳುತ್ತಾ ಒಂದು ಲಾರಿಯ ಹಿಂಬಾಗಿಲಿಗೆ ಪೂರಾ ನವಿಲು ಬರೆದು ಮುಗಿಸಿದ.

"ಲೇ ಮುರುಗ್ಯಾ, ನಿನಗ ದೊಡ್ಡ ಕ್ಯಾಮೆರಾ ಬೇಕಾ, ನಿಮ್ಮ ಮಾವಗ ದೊಡ್ಡ ಕ್ಯಾಮೆರಾ ಬೇಕಾ?"

"ಮಾವಗ."

"ಹಂಗಾದ್ರ ಸಸ್ತಾದಾಗ ಆಗ್ತೈತಿ."

ಅಂಗಳದಲ್ಲಿ ಬಿದ್ದಿದ್ದ ಪಿವಿಸಿ ಪೈಪಿನ ತುಂಡನ್ನು ಹುಸೇನಪ್ಪ ಮೊಳದುದ್ದಕ್ಕೆ ಕೊಯ್ದ. ಕಪ್ಪು ಬಣ್ಣ ಬಳಿದ. ಬಾಯಿಗೆ ಕೆಂಪು ಪಟ್ಟಿ ಎಳೆದ. ಸೈಕಲ್ ಟ್ಯೂಬಿನ ರಬ್ಬರಿನಿಂದ ಅದನ್ನು ಪುಟ್ಟ ಕ್ಯಾಮೆರಾದ ಮೂತಿಗೆ ಬಿಗಿದ. ಪೈಪಿನ ಕೆಳಗೆ ಒಂದು ತಗಡಿನ ಡಬ್ಬಿ ಜೋಡಿಸಿ, ರಸ್ತೆಯಲ್ಲಿ ಲಾರಿಯಿಂದ ಉದುರಿದ್ದ ಅದಿರಿನ ಕಲ್ಲುಗಳನ್ನು ತುಂಬಿದ. "ತೂಕ ಇರಬೇಕಲೇ. ತೂಕ ಇಲ್ಲಂದ್ರ ಸಂಡೂರಾಗ ಯಾರೂ ಕಿಮ್ಮತ್ತು ಕೊಡಂಗಿಲ್ಲ." ಎಲ್ಲ ಮುಗಿದ ಮೇಲೆ ಕೈ ಸುಮ್ಮನಿರಬೇಕಲ್ಲ, ಅಭ್ಯಾಸಬಲದಿಂದ ಪೈಪಿನ ಮೇಲೊಂದು ಹಸಿರು ಗಿಳಿ ಬರೆದುಬಿಟ್ಟ. ಮುರುಗೇಶ ಹಣೆ ಚಚ್ಚಿಕೊಂಡ. ಬಣ್ಣ ಆಗಲೇ ಒಣಗಿತ್ತು. ಶೈಲಶ್ರೀ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು ನಕ್ಕು ಸಾಕಾಗಿ, ಕೊನೆಗೆ ತಾನೇ ಒಂದು ಮಖಮಲ್ಲಿನ ಚೀಲ ಹೊಲಿದುಕೊಟ್ಟಳು. ಅಪ್ಪನ ಮೇಲೆ ಅವಳಿಗೂ ಸಿಟ್ಟಿತ್ತು.

ಸಂಡೂರಿನಲ್ಲಿ ಆ ಚೀಲದಿಂದ ಕ್ಯಾಮೆರಾ ಹೊರಗೆ ಬಂದಾಗ ಮರುಳಸಿದ್ದಪ್ಪ ಸೋಫಾ ಬಿಟ್ಟು ಎದ್ದು ನಿಂತ. ಅಳಿಯ ಬಂದಾಗ ಅವನು ಎಂದೂ ಎದ್ದವನಲ್ಲ.

"ಹೊಸಾದೇನ್ರಿ?"

"ಹೊಸಾದ್ರಿ."

"ಯಾವ ಕಂಪನಿ?"

ಮಾವ ಆಗಲೇ ಗಿಳಿಯನ್ನು ನೋಡಿ ತಲೆದೂಗಿದ್ದ. "ಗಿಳಿ ಕಂಪನಿ. ಜಪಾನದ್ದು. ಕೇಳೀನಿ, ಕೇಳೀನಿ." ಎತ್ತಿ ನೋಡಿದ. ಅದಿರಿನ ತೂಕಕ್ಕೆ ರಟ್ಟೆ ಜಗ್ಗಿತು. ಮುಖ ಅರಳಿತು. ಅಲ್ಲೇ ಬಳ್ಳಾರಿಯವನಿಗೆ ಫೋನ್ ಮಾಡಿ ಬೇಡವೆಂದು ಹೇಳಿದ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ ಹಬ್ಬಿ, ಲಾರಿ ಮಾಲೀಕರು ಒಬ್ಬೊಬ್ಬರೇ ಬಂದು ಗಿಳಿ ಕಂಪನಿಯ ಕ್ಯಾಮೆರಾ ಎತ್ತಿ ನೋಡಿ ಹೋದರು. ಅದರಲ್ಲಿ ಫೋಟೋ ಹೇಗೆ ಬರುತ್ತದೆ ಎಂದು ಮಾತ್ರ ಒಬ್ಬನೂ ಕೇಳಲಿಲ್ಲ.

ಬರುವುದು ಹೇಗೆ ಎಂಬ ಚಿಂತೆ ಮುರುಗೇಶನಿಗೂ ಹತ್ತಿದ್ದು ಮದುವೆಯ ದಿನವೇ. ಪೆಂಡಾಲಿನಲ್ಲಿ ಕಣ್ಣಿಗೆ ಹಚ್ಚಿ ನೋಡುತ್ತಾನೆ, ಸುತ್ತಲೂ ಕತ್ತಲು, ನಡುವೆ ರೊಟ್ಟಿಯಗಲದ ಬೆಳಕು. ಬಾವಿಯೊಳಗಿನಿಂದ ಆಕಾಶ ನೋಡಿದಂತೆ. ಆ ಬೆಳಕಿನಲ್ಲಿ ಬೀಗರ ಕಡೆಯ ನಾಲ್ಕು ಜನ ಹಿಡಿಯಬೇಕಾದರೆ ಇವನು ಹಿಂದಕ್ಕೆ ಹೋಗಬೇಕು. ಹೋದ, ಇನ್ನೂ ಹೋದ, ಪೆಂಡಾಲು ದಾಟಿ ಅಡುಗೆಯವರ ನಡುವೆ ನಿಂತ. ಅಲ್ಲಿ ಯಾರೋ ಅವನನ್ನು ತಮ್ಮವನೇ ಎಂದು ತಿಳಿದು ಸಾರಿನ ಸೌಟು ಕೈಗೆ ಕೊಟ್ಟರು. ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಅದಿರಿನ ಭಾರದ ಕ್ಯಾಮೆರಾ. ಪೆಂಡಾಲಿನ ಜನವಾದರೋ, "ನೋಡ್ರಿ, ಅಷ್ಟು ದೂರದಿಂದ ತೆಗೀತೈತಿ" ಎಂದು ಮೆಚ್ಚಿಕೊಂಡರು.

ಅದಕ್ಕಿಂತ ದೊಡ್ಡ ಫಜೀತಿ ಬೇರೆಯೇ ಇತ್ತು. ಪೈಪು ತಮ್ಮ ಕಡೆ ತಿರುಗಿದ್ದೇ ತಡ, ನಗುತ್ತಿದ್ದವರೆಲ್ಲ ಕಲ್ಲಾಗುತ್ತಿದ್ದರು. ಬೀಗರ ಕಡೆಯ ಹಿರಿಯನೊಬ್ಬ ಎದೆ ಮುಂದೆ ಮಾಡಿ ಸೆಟೆದು ನಿಂತ, ಉಸಿರು ಹಿಡಿದ, ಮುಖ ಕೆಂಪಾದರೂ ಬಿಡಲಿಲ್ಲ. ಕೊಟ್ರಮ್ಮ ತಲೆ ಮೇಲೆ ಸೆರಗು ಹೊದ್ದು ಕೈ ಮುಗಿದಳು. ಮದುಮಗಳು ಶೈಲಜಾ, ಹುಟ್ಟಿದಾಗಿನಿಂದ ಕಿಲಕಿಲ ಎನ್ನುವುದು ಬಿಟ್ಟು ಬೇರೆ ಗೊತ್ತಿಲ್ಲದ ಹುಡುಗಿ, ಹಲ್ಲುನೋವಿನವಳ ಹಾಗೆ ಕೂತಿದ್ದಳು. ಮುರುಗೇಶ ಎಮ್ಮೆಯ ವಿಷಯ ತೆಗೆದ, ಮಂಡಿನೋವಿನ ವಿಷಯ ತೆಗೆದ. ಎಲ್ಲರೂ ಇನ್ನಷ್ಟು ಸೆಟೆದರು. ಲಕ್ಷಾಂತರ ರೂಪಾಯಿಯ ಕ್ಯಾಮೆರಾದ ಮುಂದೆ ಮಂಡಿನೋವಿನ ಮಾತಾಡುವುದು ಮರ್ಯಾದೆಯೇ? ಇಷ್ಟು ವರ್ಷ ಜನ ತನ್ನ ಕ್ಯಾಮೆರಾವನ್ನು ಲೆಕ್ಕಕ್ಕೇ ಇಡದೆ ಇದ್ದದ್ದರಿಂದಲೇ ತನ್ನ ಹೊಟ್ಟೆ ತುಂಬುತ್ತಿತ್ತು ಎಂದು ಆಗ ಅವನಿಗೆ ಹೊಳೆಯಿತು. ಹೊಳೆದು ಏನು ಮಾಡುವುದು, ಪೈಪು ಮೂತಿಗೆ ಬಿಗಿದಾಗಿತ್ತು.

ತಾಳಿ ಕಟ್ಟುವ ಹೊತ್ತು ಬಂತು. ಮುರುಗೇಶ ಅಡುಗೆಯವರ ಪಕ್ಕದಲ್ಲಿ ಜಾಗ ಹಿಡಿದು ನಿಂತಿದ್ದ. ಅಲ್ಲಿಂದಾದರೆ ಮದುಮಕ್ಕಳಿಬ್ಬರೂ ಪೂರ್ತಿ ಕಾಣುತ್ತಿದ್ದರು. ಅಷ್ಟರಲ್ಲಿ ಮಾವ ಬಂದು ರಟ್ಟೆ ಹಿಡಿದ.

"ಇಲ್ಲೇನು ಮಾಡ್ತೀರಿ ಅಳಿಯಾರ? ಸ್ಟೇಜ್ ಮ್ಯಾಲೆ ಬರ್ರಿ. ಕ್ಯಾಮೆರಾ ಎಲ್ಲಾರಿಗೂ ಕಾಣ್ಲಿ."

"ಮಾವಾರ, ಇಲ್ಲಿಂದನ ಚಲೋ ಬರ್ತೈತ್ರಿ."

"ಹತ್ರದಿಂದ ಇನ್ನೂ ಚಲೋ ಬರ್ತೈತಿ. ಜಲ್ದಿ ಬರ್ರಿ."

ಎಳೆದುಕೊಂಡೇ ಹೋಗಿ ಮದುಮಕ್ಕಳ ಮುಂದೆ ನಿಲ್ಲಿಸಿದ. ಮುರುಗೇಶ ಕಣ್ಣು ಹಚ್ಚಿದ. ಕಂಡದ್ದು ಮದುಮಗನ ಕಿವಿ. ಸ್ವಲ್ಪ ತಿರುಗಿಸಿದ. ಶೈಲಜಾಳ ಮೂಗುಬೊಟ್ಟು. ನಾದಿನಿಯ ತಾಳಿ ಕಟ್ಟುವ ಫೋಟೋ ಎಂದು ಒಂದು ಕಿವಿಯನ್ನು ಫ್ರೇಮ್ ಹಾಕಿಸಿ ಕೊಟ್ಟರೆ ಮಾವ ಇನ್ನು ಊಟಕ್ಕೂ ಕರೆಯಲಾರ.

ಅಯ್ಯನವರು ಮಂತ್ರ ಹೇಳುತ್ತಿದ್ದರು. ನೆರೆದವರೆಲ್ಲ ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದು ಕಾದಿದ್ದರು. ತಾಳಿ ಕಟ್ಟುತ್ತಲೇ ಎಸೆಯಬೇಕು. ಆದರೆ ಪ್ರತಿ ಮದುವೆಯಲ್ಲೂ ಒಬ್ಬ ತಾಳ್ಮೆಗೆಟ್ಟವನು ಇದ್ದೇ ಇರುತ್ತಾನೆ, ಈ ಮದುವೆಯಲ್ಲಿ ಅವನು ಹೆಣ್ಣಿನ ತಂದೆಯೇ ಆಗಿದ್ದ. ವಾಲಗದವನು ಮೂಗು ತುರಿಸಿಕೊಳ್ಳಲು ಕೈ ಎತ್ತಿದ. ಮರುಳಸಿದ್ದಪ್ಪ ಅದನ್ನೇ ಸಂಜ್ಞೆ ಎಂದುಕೊಂಡ. ತನ್ನ ಅಕ್ಕಿಕಾಳು ಫೋಟೋದಲ್ಲಿ ಎದ್ದು ಕಾಣಲಿ ಎಂಬ ಆಸೆಯಿಂದ ಎರಡೂ ಮುಷ್ಟಿಯನ್ನು ಗುರಿಯಿಟ್ಟು ಕ್ಯಾಮೆರಾದ ಬಾಯಿಗೇ ಎಸೆದ.

"ಇನ್ನೂ ಇಲ್ರೀ, ತಡೀರಿ" ಎಂದರು ಅಯ್ಯನವರು.

ಮುರುಗೇಶನಿಗೆ ಒಳಗೆಲ್ಲ ಕತ್ತಲಾಯಿತು. ಕಿವಿಯೂ ಹೋಯಿತು, ಮೂಗೂ ಹೋಯಿತು. ಪೈಪು ಅಲ್ಲಾಡಿಸಿದ, ಗಿಲಕಿಯ ಹಾಗೆ ಸದ್ದಾಯಿತು. ಮಾವನ ಮುಖ ಬಿಳಿಚಿತು. "ತಡೀರಿ, ತಡೀರಿ, ನಾ ತೆಗೀತೀನಿ" ಎನ್ನುತ್ತಾ ಹೆಗಲ ಮೇಲಿನ ಜರಿಶಾಲಿನಿಂದ ಲೆನ್ಸು ಒರೆಸಲು ಹೋಗಿ ಹಿಡಿದು ಎಳೆದ. ಫಟ್ ಎಂದು ರಬ್ಬರು ಹರಿಯಿತು. ಗಿಳಿ, ಕಲ್ಲಿನ ಡಬ್ಬಿ ಸಮೇತ ಪೈಪು ಮಾವನ ಕೈಗೆ ಬಂತು. ಅದರೊಳಗಿಂದ ಹಳದಿ ಅಕ್ಕಿ ಸುರ್ರನೆ ಅವನ ಪಾದದ ಮೇಲೆ ಸುರಿಯಿತು.

ಮರುಳಸಿದ್ದಪ್ಪ ಜಪಾನದ ಮೂತಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತ. ಪಿಸುದನಿಯಲ್ಲಿ, "ಅಳಿಯಾರ, ಮುರೀತು" ಎಂದ. ಆ ಪಿಸುಮಾತು ಮೊದಲ ಸಾಲಿಗೆ ಕೇಳಿತು, ಅಲ್ಲಿಂದ ಅಡುಗೆಯವರವರೆಗೆ ಹೋಯಿತು. ಕ್ಯಾಮೆರಾ ಮುರಿದಿದೆ, ಫೋಟೋ ಇಲ್ಲ. ಪೆಂಡಾಲಿನ ತುಂಬ ಒಂದು ದೊಡ್ಡ ಉಸಿರು ಹೊರಬಿತ್ತು. ಸೆಟೆದು ನಿಂತಿದ್ದ ಹಿರಿಯನ ಹೊಟ್ಟೆ ಮುಂದೆ ಬಂತು. ಕೊಟ್ರಮ್ಮ ಸೆರಗು ಜಾರಿಸಿ, "ನಿಮಗ ಒಂದು ಕೆಲಸ ನೆಟ್ಟಗ ಬರ್ತೈತೇನ್ರಿ" ಎಂದು ಗಂಡನನ್ನು ಗದರಿಸಿದಳು. ಶೈಲಜಾ ಅಪ್ಪನ ಕಾಲ ಮೇಲಿನ ಅಕ್ಕಿ ನೋಡಿದಳು, ಅಪ್ಪನ ಮುಖ ನೋಡಿದಳು, ಬೆಳಗಿನಿಂದ ತಡೆದಿಟ್ಟುಕೊಂಡಿದ್ದ ನಗುವೆಲ್ಲ ಒಮ್ಮೆಗೇ ಬಿಟ್ಟಳು. ತಾಳಿ ಕಟ್ಟುತ್ತಿದ್ದ ಮದುಮಗನೂ ನಕ್ಕ, ನಗುತ್ತಾ ಗಂಟು ಹಾಕಲಾಗದೆ ಮತ್ತೆ ನಕ್ಕ. ಈ ಸಲ ಸರಿಯಾದ ಹೊತ್ತಿಗೆ ಅಕ್ಕಿಕಾಳು ಬಿತ್ತು. ಮುರುಗೇಶನ ಹೊಟ್ಟೆಯ ಮೇಲೆ ಪುಟ್ಟ ಕ್ಯಾಮೆರಾ ಟಿಕ್ ಟಿಕ್ ಎನ್ನುತ್ತಿತ್ತು. ಯಾರೂ ಅದರ ಕಡೆ ನೋಡಲಿಲ್ಲ.

ಅಂದು ಸಂಜೆಯವರೆಗೆ ಅವನು ಅಡ್ಡಾಡಿದ್ದೇ ಅಡ್ಡಾಡಿದ್ದು. ಜನ ಹೋಳಿಗೆ ತಿಂದರು, ಜಗಳವಾಡಿದರು, ಒಬ್ಬರ ಸೀರೆ ಒಬ್ಬರು ಮುಟ್ಟಿ ನೋಡಿದರು, ಅಯ್ಯನವರು ಕಂಬಕ್ಕೆ ಒರಗಿ ಗೊರಕೆ ಹೊಡೆದರು. "ಪಾಪ, ಕ್ಯಾಮೆರಾ ಹೋದ ದುಃಖಕ್ಕ ಸುಮ್ನ ಒತ್ತಿಕೋತ ತಿರಗ್ತಾನ" ಎಂದು ಕಂಡವರೆಲ್ಲ ಅವನ ಎದುರಿಗೇ ಮರುಗಿದರು. ಮುರುಗೇಶ ದುಃಖದ ಮುಖ ಮಾಡಿಕೊಂಡು ಟಿಕ್ ಎನ್ನಿಸಿದ. ಅವನ ಆಯುಷ್ಯದಲ್ಲಿ ಅಷ್ಟು ಚೆಂದದ ದಿನ ಮತ್ತೊಂದಿರಲಿಲ್ಲ.

ಆಲ್ಬಮ್ ತಯಾರಾಯಿತು. ಮುರುಗೇಶ ಅದನ್ನು ತಾನೇ ಹಿಡಿದುಕೊಂಡು, ಶೈಲಶ್ರೀಯೊಡನೆ ಸಂಡೂರಿಗೆ ಹೋದ. ಬೀಗರೂ ಬಂದಿದ್ದರು. ದೊಡ್ಡ ಸೋಫಾ ತುಂಬಿ, ಫ್ರಿಜ್ಜಿನ ಪಕ್ಕದಲ್ಲೂ ಜನ ಕೂತರು. ಒಂದೊಂದು ಹಾಳೆ ತಿರುವಿದಂತೆ ನಗು. ಬೀಗರ ಹಿರಿಯ ತನ್ನ ಫೋಟೋ ನೋಡಿ, ನಾನು ಇಷ್ಟು ಚೆಂದ ಇದ್ದೀನೆಂದು ಯಾರೂ ಹೇಳಲೇ ಇಲ್ಲವಲ್ಲ ಎಂದು ಮನೆಯವರ ಮೇಲೆ ಮುನಿಸಿಕೊಂಡ. ತಾಳಿಯ ಫೋಟೋ ಬಂತು. ಮಗಳು ನಗುತ್ತಿದ್ದಾಳೆ, ಹೊಸ ಅಳಿಯ ನಗುತ್ತಿದ್ದಾನೆ, ಅಕ್ಕಿ ಮಳೆಯಾಗಿ ಬೀಳುತ್ತಿದೆ, ಬದಿಯಲ್ಲಿ ಮರುಳಸಿದ್ದಪ್ಪ ಪೈಪು ಹಿಡಿದು ಮಗುವಿನಂತೆ ಬಾಯಿ ತೆರೆದು ನಿಂತಿದ್ದಾನೆ. ಮಾವ ಆ ಹಾಳೆಯ ಮೇಲೆ ಕೈಯಾಡಿಸಿದ. ಮುರುಗೇಶ ಮುಂದಕ್ಕೆ ಬಾಗಿದ. ಈಗ ಬಂತು, ಈಗ ಬಂತು ಆ ಮಾತು.

"ಮುರಿದ ಮ್ಯಾಲನೂ ಹೆಂಗ ತೆಗದೈತಿ ನೋಡ್ರಿ ಆ ಕ್ಯಾಮೆರಾ" ಎಂದ ಮರುಳಸಿದ್ದಪ್ಪ.

ಮುರುಗೇಶನಿಗೆ ತಡೆಯಲಾಗಲಿಲ್ಲ. ಶೈಲಶ್ರೀ ಚಿವುಟಿದಳು, ಅದನ್ನೂ ಲೆಕ್ಕಿಸಲಿಲ್ಲ. ಬೀಗರ ಎದುರಿಗೆ ಬೇಡವೆಂದು ಮಾವನನ್ನು ಅಡುಗೆಮನೆಗೆ ಕರೆದೊಯ್ದು ಎಲ್ಲವನ್ನೂ ಹೇಳಿಬಿಟ್ಟ. "ಮಾವಾರ, ಅದು ಲೆನ್ಸ್ ಅಲ್ರಿ, ನೀರಿನ ಪೈಪು. ಗಿಳಿ ನಮ್ಮ ಹುಸೇನಪ್ಪ ಬರದಿದ್ದು. ಫೋಟೋ ತೆಗದಿದ್ದು ನನ್ನ ಅದ ಹಳೇ ಸಣ್ಣ ಕ್ಯಾಮೆರಾ. ತೆಗದಾಂವ ನಾನು."

ಮರುಳಸಿದ್ದಪ್ಪ ಅಳಿಯನನ್ನೇ ನೋಡಿದ. ಕಣ್ಣು ತುಂಬಿಕೊಂಡಿತು.

"ಬೆಂಗಳೂರಿನ ಅಂಗಡಿಯವರೂ ಹಿಂಗ ಅಂದ್ರು. ಆ ಮುರಿದ ಲೆನ್ಸು ರಿಪೇರಿಗಂತ ಕಳಿಸಿದ್ದೆ. ಪೈಪು ಅಂತ ಹೇಳಿ ವಾಪಸ್ ಕಳಿಸಿದ್ರು. ಆಗ ನನಗ ತಿಳೀಲಿಲ್ಲ. ಈಗ ತಿಳೀತು."

"ಏನ್ ತಿಳೀತ್ರಿ?"

"ನೀವ ಮೊದಲ ಫೋನ್ ಮಾಡಿ ಅವರಿಗೆ ಹೇಳಿಟ್ಟೀರಿ. ಮಾವನ ಮನಸ್ಸಿಗೆ ಬ್ಯಾಸರ ಆಗಬಾರದು, ಪೈಪು ಅಂತ ಹೇಳ್ರಿ ಅಂತ." ಮಾವ ಶಾಲಿನ ತುದಿಯಿಂದ ಮೂಗು ಒರೆಸಿಕೊಂಡ. "ಅಷ್ಟು ದೊಡ್ಡ ಕ್ಯಾಮೆರಾ ನನ್ನ ಕೈಯಾಗ ಮುರೀತು. ನೀವು ಒಂದು ಮಾತು ಅನಲಿಲ್ಲ. ಅವತ್ತೂ ಅನಲಿಲ್ಲ, ಇವತ್ತೂ ಅನಲಿಲ್ಲ."

"ಖರೇನ ಪೈಪು ರೀ ಮಾವಾರ."

"ಇರ್ಲಿ ಬಿಡ್ರಿ. ಪೈಪು ಅಂದ್ರ ಪೈಪು." ಅಳಿಯನ ಹೆಗಲ ಮೇಲೆ ಕೈ ಹಾಕಿದ. ಮದುವೆಯಾದಾಗಿನಿಂದ ಆ ಕೈ ಅಲ್ಲಿಗೆ ಬಂದದ್ದು ಅದೇ ಮೊದಲು.

ಮಾವ ಹಾಗೇ ಹೆಗಲು ಹಿಡಿದು ಅವನನ್ನು ನಡುಮನೆಗೆ ಕರೆತಂದು ಬೀಗರ ಮುಂದೆ ನಿಲ್ಲಿಸಿದ. ಎಲ್ಲರೂ ಆಲ್ಬಮ್ಮಿನಿಂದ ತಲೆ ಎತ್ತಿ, ಎಷ್ಟು ಚೆಂದ ತೆಗೆದಿದ್ದಾರೆ ಎಂದು ಅವನನ್ನು ಹೊಗಳಲು ಬಾಯಿ ತೆರೆದರು. ಮರುಳಸಿದ್ದಪ್ಪ ಕೈ ಎತ್ತಿ ಅವರನ್ನು ತಡೆದ.

"ನಮ್ಮ ಅಳಿಯ ಭಾಳ ಒಳ್ಳೆ ಮನಷ್ಯಾ" ಎಂದ. "ಫೋಟೋ ಏನ್ರಿ, ಅದನ್ನ ಕ್ಯಾಮೆರಾ ತೆಗೀತೈತಿ."